70 ನಿಮಿಷದ ಫೈಲ್ 7 ನಿಮಿಷ 51 ಸೆಕೆಂಡ್ ತೋರಿಸಿದಾಗ: ಬಯಲು ನಾಟಕಕ್ಕೆ 8 ಚಾನೆಲ್ ಆಡಿಯೋ ತಯಾರಿ

ಪ್ರಶ್ನೆ

ಸರ್ ನಮಸ್ಕಾರ್ರಿ. ಬೈಲಹೊಂಗಲ ತಾಲ್ಲೂಕಿನ ಹವ್ಯಾಸಿ ತಂಡ ನಮ್ಮದು. ಕಿತ್ತೂರಿನ 1824ರ ಯುದ್ಧದ ಮ್ಯಾಲೆ ಧ್ವನಿ-ಬೆಳಕಿನ ನಾಟಕ ಮಾಡಾಕತ್ತೀವಿ. ಬಯಲಿನಾಗ ಆಟ, ಖರೇ ಕುದುರಿ ಬರ್ತಾವ, ಅದಕ್ಕ ಸಂಭಾಷಣೆ ಎಲ್ಲಾ ಮೊದಲೇ ರೆಕಾರ್ಡ್ ಮಾಡಿಸೀವಿ. ಒಟ್ಟು 9 ದೃಶ್ಯ, ಸರಿಯಾಗಿ 70 ನಿಮಿಷ. ಬೆಳಗಾವಿಯ ಸ್ಟುಡಿಯೋದವರು ಎಲ್ಲಾ ಸೇರಿಸಿ 8 ಚಾನೆಲ್ಲಿನ ಒಂದೇ ವೇವ್ ಫೈಲ್ ಕೊಟ್ಟಾರ, 48 ಕಿಲೊಹರ್ಟ್ಜ್, 24 ಬಿಟ್. 1–2 ಸಂಗೀತ, 3 ಸಂಭಾಷಣೆ, 4 ಲೈಟಿನವರಿಗೆ ಇಯರ್‌ಫೋನಿನಾಗ ಕ್ಯೂ ಹೇಳೋ ದನಿ, 5–6 ಕುದುರಿ-ಕತ್ತಿ ಸಪ್ಪಳ, 7–8 ಮಂದಿ ಹಿಂದಿನ ಸ್ಪೀಕರಿಗೆ ತೋಪಿನ ಸದ್ದು.

ಮೊದಲು ಪೆನ್‌ಡ್ರೈವಿಗೆ ಕಾಪಿನ ಆಗಲಿಲ್ಲ, ಫೈಲ್ ದೊಡ್ಡದು ಅಂತು. ಬ್ಯಾರೆ ಪೆನ್‌ಡ್ರೈವಿಗೆ ಹಾಕಿದ ಮ್ಯಾಲೆ ಲ್ಯಾಪ್‌ಟಾಪ್ 7 ನಿಮಿಷ 51 ಸೆಕೆಂಡ್ ಅಷ್ಟೇ ತೋರಸ್ತದ. ಹಾಡಿಸಿದ್ರ 4ನೇ ಚಾನೆಲ್ಲಿನ ದನಿ ಕೇಳಂಗೇ ಇಲ್ಲ. ಆಮ್ಯಾಲೆ ನಾವೇ ರೆಕಾರ್ಡ್ ಮಾಡಿದ ಕುದುರಿ ಓಟದ 4 ನಿಮಿಷದ ಟ್ರ್ಯಾಕ್ 3 ನಿಮಿಷ 40 ಸೆಕೆಂಡಿಗೇ ಮುಗೀತದ, ಸಪ್ಪಳಾನೂ ತೆಳ್ಳಗ ಆಗೇದ. ಒಬ್ಬರು ಎಂಪಿ3 ಮಾಡ್ರಿ ಅಂತಾರ, ಒಬ್ಬರು 96 ಕಿಲೊಹರ್ಟ್ಜ್ ಮಾಡ್ರಿ ಅಂತಾರ, ಇನ್ನೊಬ್ಬರು ಎರಡು ಲ್ಯಾಪ್‌ಟಾಪ್ ಇಟ್ಟು ಒಮ್ಮೆಲೇ ಪ್ಲೇ ಒತ್ರಿ ಅಂತಾರ. ನಮ್ಮ ಹತ್ರ ವಿಂಡೋಸ್ ಲ್ಯಾಪ್‌ಟಾಪ್ ಅದ, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಸ್ವಲ್ಪ ಗೊತ್ತು. ಮಿಕ್ಸರ್ ಬಾಡಿಗಿದು, ಬೆರಿಂಜರ್ ಎಕ್ಸ್‌ಆರ್18. ಫೈಲ್ ಕೆಟ್ಟದ ಏನ್ರಿ? ಮೊದಲಿಂದ ಹೆಂಗ ತಯಾರ ಮಾಡಬೇಕು?

ಉತ್ತರ

ಗಾಬರಿಯಾಗಬೇಡಿ, ನಿಮ್ಮ ರೆಕಾರ್ಡಿಂಗ್ ಕೆಟ್ಟಿಲ್ಲ. ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಎಲ್ಲವೂ ಒಟ್ಟಿಗೇ ಕಾಣಿಸಿಕೊಂಡಿದ್ದರಿಂದ ಫೈಲೇ ಹಾಳಾಯಿತು ಅನ್ನಿಸುವುದು ಸಹಜ. ಅಂಕಿಗಳನ್ನು ಸೆಕೆಂಡ್ ಸಮೇತ ಬರೆದದ್ದು ಬಹಳ ಒಳ್ಳೆಯದಾಯಿತು. ಎರಡು ತೊಂದರೆಗಳ ಮೂಲ ಆ ಅಂಕಿಗಳಿಂದಲೇ ತಿಳಿಯುತ್ತದೆ.

ಆ 7 ನಿಮಿಷ 51 ಸೆಕೆಂಡ್ ಎಲ್ಲಿಂದ ಬಂತು

ಪ್ರತಿ ವೇವ್ ಫೈಲಿನ ಆರಂಭದಲ್ಲಿ ಹೆಡರ್ ಎಂಬ ಚಿಕ್ಕ ಭಾಗ ಇರುತ್ತದೆ. ಒಳಗೆ ಎಷ್ಟು ಬೈಟ್ ಆಡಿಯೋ ಇದೆ ಎಂದು ಬರೆಯಲು ಅಲ್ಲಿ 32 ಬಿಟ್ ಜಾಗ ಮಾತ್ರ ಇದೆ. ಅಷ್ಟರಲ್ಲಿ ಸುಮಾರು 429 ಕೋಟಿ 49 ಲಕ್ಷದವರೆಗಿನ ಸಂಖ್ಯೆ ಹಿಡಿಯುತ್ತದೆ, ಅಂದರೆ 4 ಜಿಬಿ. ಈಗ ನಿಮ್ಮ ಲೆಕ್ಕ ನೋಡಿ. 8 ಚಾನೆಲ್, ಸೆಕೆಂಡಿಗೆ 48,000 ಸ್ಯಾಂಪಲ್, ಒಂದೊಂದಕ್ಕೆ 3 ಬೈಟ್: ಗುಣಿಸಿದರೆ ಸೆಕೆಂಡಿಗೆ 11,52,000 ಬೈಟ್. ಈ ವೇಗದಲ್ಲಿ 4 ಜಿಬಿ ತುಂಬುವುದು 3,728 ಸೆಕೆಂಡಿಗೆ, ಅಂದರೆ 62 ನಿಮಿಷ 8 ಸೆಕೆಂಡಿಗೆ. ನಿಮ್ಮ ನಾಟಕ 4,200 ಸೆಕೆಂಡ್. ಬೈಕಿನ ಮೀಟರ್ 99,999 ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಎಣಿಸಿದ ಹಾಗೆ, 4 ಜಿಬಿ ದಾಟಿದ ನಂತರ ಉಳಿದದ್ದಷ್ಟೇ ಹೆಡರಿನಲ್ಲಿ ದಾಖಲಾಗಿದೆ. 4,200ರಲ್ಲಿ 3,728 ಚಿಲ್ಲರೆ ಕಳೆದರೆ 471 ಚಿಲ್ಲರೆ ಸೆಕೆಂಡ್. ಅದೇ 7 ನಿಮಿಷ 51 ಸೆಕೆಂಡ್.

ಡೇಟಾ ಪೂರ್ತಿ ಅಲ್ಲೇ ಇದೆ, ಅಳತೆ ಮಾತ್ರ ತಪ್ಪಾಗಿ ಬರೆದುಕೊಂಡಿದೆ. ಮೊದಲ ಪೆನ್‌ಡ್ರೈವ್ ಬೇಡ ಎಂದದ್ದಕ್ಕೂ ಇದೇ 4 ಜಿಬಿ ಗಡಿ ಕಾರಣ. ಅದು ಫ್ಯಾಟ್32 ಫಾರ್ಮ್ಯಾಟಿನಲ್ಲಿದ್ದಿರಬೇಕು, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ನಲ್ಲಿ ಕೂರುತ್ತದೆ.

ಸ್ಟುಡಿಯೋದಲ್ಲಿ ಮೂಲ ಪ್ರಾಜೆಕ್ಟ್ ಇದ್ದರೆ ಈ ಫೈಲನ್ನು ರಿಪೇರಿ ಮಾಡುವ ಗೋಜಿಗೆ ಹೋಗಬೇಡಿ, ಹೊಸದಾಗಿ ತೆಗೆಸಿ. ಮೂಲ ಕಳೆದುಹೋಗಿದ್ದರೆ ಮಾತ್ರ ಆಡಾಸಿಟಿ ಎಂಬ ಆಡಿಯೋ ಸಾಫ್ಟ್‌ವೇರಿನ ರಾ ಇಂಪೋರ್ಟ್ (ಹೆಡರ್ ಓದದೆ ಬರೀ ಡೇಟಾ ತೆರೆಯುವ ಆಯ್ಕೆ) ಬಳಸಿ 24 ಬಿಟ್, 8 ಚಾನೆಲ್, 48,000, ಲಿಟಲ್ ಎಂಡಿಯನ್ ಎಂದು ಕೊಟ್ಟು ತೆರೆಯಬಹುದು. ಆಗ ಹೆಡರಿನ ಉದ್ದವನ್ನು ಸರಿಯಾಗಿ ಬಿಟ್ಟು ಶುರು ಮಾಡಬೇಕು. 3 ಬೈಟ್ ಆಚೀಚೆಯಾದರೆ ಎಲ್ಲ ಚಾನೆಲ್ಲೂ ಒಂದೊಂದು ಮನೆ ಸರಿಯುತ್ತದೆ, 1 ಅಥವಾ 2 ಬೈಟ್ ತಪ್ಪಿದರೆ ಬರೀ ಭರ್‌ ಎನ್ನುವ ಸದ್ದು ಬರುತ್ತದೆ.

4ನೇ ಚಾನೆಲ್ ಎಲ್ಲಿ ಹೋಯಿತು

8 ಚಾನೆಲ್ಲಿನ ವೇವ್ ಫೈಲನ್ನು ಅನೇಕ ಸಾಫ್ಟ್‌ವೇರ್‌ಗಳು 7.1 ಎಂದೇ ತಿಳಿಯುತ್ತವೆ. ಎಕ್ಸ್‌ಪೋರ್ಟ್ ಮಾಡಿದವರೂ ಪಟ್ಟಿಯಲ್ಲಿ ಅದನ್ನೇ ಆರಿಸಿರಬಹುದು. 7.1ರಲ್ಲಿ ಒಂದೊಂದು ಸ್ಥಾನಕ್ಕೂ ಸ್ಪೀಕರಿನ ಹೆಸರು ಅಂಟಿಕೊಂಡಿರುತ್ತದೆ. ವಿಂಡೋಸ್ ಪ್ರಕಾರ ಮುಂದೆ ಎಡ, ಮುಂದೆ ಬಲ, ನಡು, ಎಲ್‌ಎಫ್‌ಇ, ಹಿಂದೆ ಎಡ, ಹಿಂದೆ ಬಲ, ಪಕ್ಕ ಎಡ, ಪಕ್ಕ ಬಲ. 4ನೇ ಜಾಗ ಎಲ್‌ಎಫ್‌ಇಯದು, ಅಂದರೆ ಸಿನಿಮಾದಲ್ಲಿ ಗುಡುಗು-ಸ್ಫೋಟಕ್ಕೆ ಮೀಸಲಾದ ಬೇಸ್ ಚಾನೆಲ್. ಲ್ಯಾಪ್‌ಟಾಪಿನ ಎರಡು ಸ್ಪೀಕರಿಗೆ ಇಳಿಸುವಾಗ ಹೆಚ್ಚಿನ ಪ್ಲೇಯರ್‌ಗಳು ಎಲ್‌ಎಫ್‌ಇಯನ್ನು ಪೂರ್ತಿ ಕೈಬಿಡುತ್ತವೆ. ನಿಮ್ಮ ಕ್ಯೂ ದನಿ ಅಲ್ಲೇ ಕುಳಿತಿತ್ತು, ಹಾಗಾಗಿ ಹೋಯಿತು. ಅದೇ ಫೈಲನ್ನು ಯಾರಾದರೂ ಡಾಲ್ಬಿ ಡಿಜಿಟಲ್‌ಗೆ ಬದಲಾಯಿಸಿದ್ದರೆ ಇನ್ನೂ ಕಷ್ಟ: ಅಲ್ಲಿ ಎಲ್‌ಎಫ್‌ಇ 120 ಹರ್ಟ್ಜ್‌ವರೆಗೆ ಮಾತ್ರ, ಮನುಷ್ಯರ ಮಾತು ಬರೀ ಗುಂಯ್ ಅನ್ನುತ್ತಿತ್ತು.

ನಾಟಕಕ್ಕೆ ಬೇಕಾದ 8 ಚಾನೆಲ್ ಅಂದರೆ ಅಂಕಿ ಹಾಕಿದ 8 ಬೇರೆ ಬೇರೆ ತಂತಿಗಳು, ಅಷ್ಟೇ. ಯಾವ ತಂತಿ ಯಾವ ಸ್ಪೀಕರಿಗೆ ಹೋಗಬೇಕೆಂದು ನಿರ್ಧರಿಸುವುದು ಮಿಕ್ಸರ್. ಆದ್ದರಿಂದ ಎಕ್ಸ್‌ಪೋರ್ಟ್‌ನಲ್ಲಿ 7.1, ಸರೌಂಡ್ ಎಂಬ ಆಯ್ಕೆಗಳನ್ನು ಮುಟ್ಟದೆ, ಸ್ಪೀಕರ್ ಹೆಸರಿಲ್ಲದ 8 ಚಾನೆಲ್ ಎಂದೇ ಕೊಡಬೇಕು.

ಅದರ ಜೊತೆಗೆ ನಿಮ್ಮ ಹಂಚಿಕೆಯನ್ನೇ ಸ್ವಲ್ಪ ಬದಲಿಸಿ. ಹಿಂದಿನ ತೋಪಿನ ಸದ್ದಿಗೆ ಎರಡು ಚಾನೆಲ್ ಬೇಡ. ಹಿಂದೆ ಕೂತವನಿಗೆ ಹತ್ತಿರದ ಒಂದು ಸ್ಪೀಕರ್ ಮಾತ್ರ ಕೇಳುತ್ತದೆ, ಎಡ-ಬಲ ಅಲ್ಲಿ ಗೊತ್ತಾಗುವುದಿಲ್ಲ. 7ನ್ನು ಒಂದೇ ತೋಪಿನ ಚಾನೆಲ್ ಮಾಡಿ, ಮಿಕ್ಸರಿನಿಂದ ಹಿಂದಿನ ಎರಡೂ ಸ್ಪೀಕರಿಗೆ ಕಳಿಸಿ. ಕ್ಯೂ ದನಿಯನ್ನು 8ಕ್ಕೆ ಒಯ್ಯಿರಿ. ಖಾಲಿಯಾದ 4ರಲ್ಲಿ ತೋಪು ಹಾರುವಾಗಿನ ತಳದ ಗುಡುಗನ್ನು ಮಾತ್ರ ಹಾಕಿ ಸಬ್‌ವೂಫರಿಗೆ ಕಳಿಸಿ. ಯಾರೋ ಎಲ್ಲೋ ಮತ್ತೆ 7.1 ಎಂದು ಒತ್ತಿಬಿಟ್ಟರೂ ಆಗ ಹೋಗುವುದು ಗುಡುಗಿನ ತಳ ಮಾತ್ರ, ಸಂಭಾಷಣೆಯೂ ಕ್ಯೂ ದನಿಯೂ ಉಳಿಯುತ್ತವೆ.

ಮುಂಚೆಯೇ ಮುಗಿಯುವ ಕುದುರೆ

4 ನಿಮಿಷ ಅಂದರೆ 240 ಸೆಕೆಂಡ್. 44.1 ಕಿಲೊಹರ್ಟ್ಜ್‌ನಲ್ಲಿ ರೆಕಾರ್ಡ್ ಆದದ್ದನ್ನು ಬದಲಾಯಿಸದೆ 48ರಲ್ಲಿ ಓಡಿಸಿದರೆ 220.5 ಸೆಕೆಂಡಿಗೆ ಮುಗಿಯುತ್ತದೆ: 3 ನಿಮಿಷ 40 ಸೆಕೆಂಡ್, ನೀವು ಬರೆದದ್ದೇ. ವೇಗ ಸುಮಾರು ಶೇ 9 ಹೆಚ್ಚು, ಶ್ರುತಿ ಹೆಚ್ಚುಕಡಿಮೆ ಒಂದೂವರೆ ಸ್ವರಸ್ಥಾನ ಮೇಲೆ. ಅದಕ್ಕೇ ಖುರಪುಟದ ಸಪ್ಪಳ ತೆಳುವಾಗಿದೆ.

ಸರಿಪಡಿಸುವ ಮೊದಲು ಫೈಲಿನ ಪ್ರಾಪರ್ಟೀಸ್ ನೋಡಿ. ಅಲ್ಲಿ 44.1 ಮತ್ತು 4 ನಿಮಿಷ ಎಂದಿದ್ದರೆ ಫೈಲ್ ಸರಿ ಇದೆ, ಓಡಿಸಿದ ಸಾಫ್ಟ್‌ವೇರ್ ಬದಲಾಯಿಸಿಕೊಂಡಿಲ್ಲ. 48 ಕಿಲೊಹರ್ಟ್ಜ್‌ಗೆ ರೀಸ್ಯಾಂಪಲ್ ಮಾಡಿದರೆ, ಅಂದರೆ ಸ್ಯಾಂಪಲ್‌ಗಳನ್ನೇ ಹೊಸದಾಗಿ ಲೆಕ್ಕ ಹಾಕಿಸಿದರೆ, ಮುಗಿಯಿತು. 48 ಮತ್ತು 3 ನಿಮಿಷ 40 ಎಂದಿದ್ದರೆ ಯಾರೋ ಹೆಸರನ್ನು ಮಾತ್ರ 48 ಎಂದು ಬದಲಿಸಿದ್ದಾರೆ, ಸ್ಯಾಂಪಲ್‌ಗಳು ಹಳೆಯವೇ ಇವೆ. ಆಡಾಸಿಟಿಯಲ್ಲಿ ಇದು ಬಹಳ ಆಗುತ್ತದೆ. ಟ್ರ್ಯಾಕಿನ ಪಕ್ಕದ ಮೆನುವಿನಲ್ಲಿರುವ ರೇಟ್ ಬದಲಿಸಿದರೆ ವೇಗವೇ ಬದಲಾಗುತ್ತದೆ, ಟ್ರ್ಯಾಕ್ಸ್ ಮೆನುವಿನ ರೀಸ್ಯಾಂಪಲ್ ಮಾಡಿದರೆ ಮಾತ್ರ ವೇಗ ಹಾಗೇ ಉಳಿದು ರೇಟ್ ಬದಲಾಗುತ್ತದೆ. ಅಂಥ ಫೈಲನ್ನು ಮೊದಲು ರೇಟ್ ಮೆನುವಿನಲ್ಲೇ 44,100ಕ್ಕೆ ಹಿಂದಿರುಗಿಸಿ 4 ನಿಮಿಷ ಆಯಿತೇ ನೋಡಿ, ಆಮೇಲೆ 48,000ಕ್ಕೆ ರೀಸ್ಯಾಂಪಲ್ ಮಾಡಿ. ನೇರವಾಗಿ ಟೈಮ್ ಸ್ಟ್ರೆಚ್ ಮಾಡಿ ಉದ್ದ ಎಳೆಯಬೇಡಿ. ಖುರದ ಪೆಟ್ಟಿನಂಥ ಚುರುಕು ಸದ್ದುಗಳು ಎಳೆತಕ್ಕೆ ಮೊದಲು ಹಾಳಾಗುತ್ತವೆ.

ನಿಮಗೆ ಸಿಕ್ಕ ಮೂರು ಸಲಹೆಗಳು

ಎಂಪಿ3 ಬೇಡ. ಅದರಲ್ಲಿ ಹೆಚ್ಚೆಂದರೆ 2 ಚಾನೆಲ್, ಹಾಗಾಗಿ ನಿಮ್ಮ ನಾಟಕವನ್ನು ನಾಲ್ಕು ಫೈಲಾಗಿ ಒಡೆಯಬೇಕಾಗುತ್ತದೆ. ಜೊತೆಗೆ ಎಂಪಿ3 ಮಾಡುವಾಗ ಆರಂಭದಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ಲೇಮ್ ಎನ್‌ಕೋಡರಿನ ಸಾಮಾನ್ಯ ಲೆಕ್ಕದಲ್ಲಿ ಓಡಿಸುವಾಗಿನದೂ ಸೇರಿ 1,105 ಸ್ಯಾಂಪಲ್, 44.1ರಲ್ಲಿ 25 ಮಿಲಿಸೆಕೆಂಡ್. ಕೆಲವು ಪ್ಲೇಯರ್‌ಗಳು ಅದನ್ನು ಕಳೆಯುತ್ತವೆ, ಕೆಲವು ಕಳೆಯುವುದಿಲ್ಲ. ಸಂಭಾಷಣೆ ವೇವ್‌ನಲ್ಲಿ, ಸಂಗೀತ ಎಂಪಿ3ನಲ್ಲಿ ಇದ್ದರೆ ಎರಡೂ ಹೊಂದುವುದಿಲ್ಲ. ಈಗಾಗಲೇ ಎಂಪಿ3 ಆಗಿರುವ ಸದ್ದನ್ನು ವೇವ್ ಮಾಡಿದರೆ ಕಳೆದ ಗುಣಮಟ್ಟ ಮರಳಿ ಬರುವುದಿಲ್ಲ, ಆದರೂ ಉಳಿದ ಫೈಲುಗಳ ಜೊತೆ ಹೊಂದಿಸಲು ಹಾಗೆ ಮಾಡುವುದೇ ಸರಿ.

96 ಕಿಲೊಹರ್ಟ್ಜ್‌ನಿಂದ ನಿಮಗೆ ಪ್ರಯೋಜನ ಇಲ್ಲ. ನಿಮ್ಮ ಮಿಕ್ಸರ್ 44.1 ಅಥವಾ 48ರಲ್ಲಿ ಮಾತ್ರ ಕೆಲಸ ಮಾಡುತ್ತದೆ. ಫೈಲ್ ಇಮ್ಮಡಿಯಾಗಿ, 62 ನಿಮಿಷಕ್ಕೆ ಬರುತ್ತಿದ್ದ 4 ಜಿಬಿ ಗಡಿ 31 ನಿಮಿಷಕ್ಕೇ ಬರುತ್ತದೆ.

ಎರಡು ಲ್ಯಾಪ್‌ಟಾಪ್ ಒಟ್ಟಿಗೆ ಒತ್ತುವ ಸಲಹೆ ಮೂರರಲ್ಲಿ ಅತಿ ಅಪಾಯದ್ದು. ಬೆರಳುಗಳ ನಡುವಿನ ವ್ಯತ್ಯಾಸ ಒಂದು ಕಡೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಸೌಂಡ್ ಕಾರ್ಡಿಗೂ ತನ್ನದೇ ಕ್ರಿಸ್ಟಲ್ ಗಡಿಯಾರ ಇದೆ. ಎರಡರ ನಡುವೆ ಹತ್ತು ಲಕ್ಷಕ್ಕೆ 50 ಭಾಗ ವ್ಯತ್ಯಾಸ ಇದ್ದರೂ 70 ನಿಮಿಷದಲ್ಲಿ 0.21 ಸೆಕೆಂಡ್ ಹರಿದುಹೋಗುತ್ತದೆ. ಮೊದಲ ದೃಶ್ಯದಲ್ಲಿ ಕೂಡಿದ್ದ ಕತ್ತಿಯ ಏಟು ಕೊನೆಯ ದೃಶ್ಯಕ್ಕೆ ಬೇರೆಯಾಗಿ ಕೇಳುತ್ತದೆ. ಒಟ್ಟಿಗೆ ಓಡಬೇಕಾದ ಚಾನೆಲ್‌ಗಳೆಲ್ಲ ಒಂದೇ ಲ್ಯಾಪ್‌ಟಾಪ್, ಒಂದೇ ಗಡಿಯಾರದಿಂದ ಹೊರಬರಬೇಕು.

ಹೊಸದಾಗಿ ಹೇಗೆ ತೆಗೆಸಬೇಕು

ಒಂದೇ ಉದ್ದ ಫೈಲ್ ಬೇಕೇ ಬೇಕು ಎಂದರೆ ದಾರಿ ಇದೆ. 16 ಬಿಟ್‌ನಲ್ಲಿ ತೆಗೆದರೆ 70 ನಿಮಿಷಕ್ಕೆ ಸುಮಾರು 3.23 ಜಿಬಿ, ಗಡಿಯೊಳಗೇ ಬರುತ್ತದೆ. ಬಯಲಿನಲ್ಲಿ ಗಾಳಿ, ಜನರ ಗದ್ದಲ, ಜನರೇಟರ್ ಸದ್ದಿನ ನಡುವೆ 16 ಬಿಟ್ ಧಾರಾಳವಾಗಿ ಸಾಕು. ಆದರೆ ಕೆಲವು ಹಳೆಯ ಸಾಫ್ಟ್‌ವೇರ್‌ಗಳಿಗೆ 2 ಜಿಬಿಯೇ ಗಡಿ, ಅವು 46 ನಿಮಿಷಕ್ಕೆ ನಿಲ್ಲುತ್ತವೆ. ಆರ್‌ಎಫ್64, ವೇವ್64 ಎಂಬ ದೊಡ್ಡ ಫಾರ್ಮ್ಯಾಟ್‌ಗಳಿಗೆ ಈ ತೊಂದರೆ ಇಲ್ಲ, ಆದರೆ ಎಲ್ಲ ಪ್ಲೇಯರ್‌ಗಳೂ ಅವನ್ನು ತೆರೆಯುವುದಿಲ್ಲ.

ಆದರೆ ಈ ಒಂದೇ ಫೈಲಿನ ದಾರಿ ಹಿಡಿಯಿರಿ ಎಂದು ನಾನು ನಿಮಗೆ ಹೇಳುವುದಿಲ್ಲ. ನಿಮ್ಮ ಆಟದಲ್ಲಿ ನಿಜವಾದ ಕುದುರೆಗಳಿವೆ. ಕುದುರೆ ಅರ್ಧ ನಿಮಿಷ ತಡಮಾಡಿದರೆ 70 ನಿಮಿಷದ ಫೈಲ್ ಕಾಯುವುದಿಲ್ಲ, ಅಲ್ಲಿಂದ ಮುಂದೆ ಪ್ರತಿ ಮಾತೂ ಪಾತ್ರಧಾರಿಗಿಂತ ಮುಂದೆ ಓಡುತ್ತದೆ. ದೃಶ್ಯದಿಂದ ದೃಶ್ಯಕ್ಕೆ ಕತ್ತರಿಸಿ.

ಸ್ಟುಡಿಯೋದವರಿಂದ ಹೀಗೆ ಕೇಳಿ ಪಡೆಯಿರಿ. 9 ದೃಶ್ಯಗಳಿಗೂ ಬೇರೆ ಬೇರೆ, ಪ್ರತಿ ದೃಶ್ಯಕ್ಕೆ 8 ಮೋನೋ ವೇವ್ ಫೈಲ್, 48 ಕಿಲೊಹರ್ಟ್ಜ್, 24 ಬಿಟ್. ಒಂದು ದೃಶ್ಯದ 8 ಫೈಲೂ ಒಂದೇ ಸೊನ್ನೆಯಿಂದ ಶುರುವಾಗಿ ಒಂದೇ ಉದ್ದ ಇರಬೇಕು. ತೋಪು ಕೊನೆಯ ನಿಮಿಷದಲ್ಲಿ ಮಾತ್ರ ಹಾರುವುದಾದರೂ ಅದರ ಫೈಲಿನ ಮುಂದೆ ಅಷ್ಟೂ ಮೌನ ಇರಲಿ. ಮೌನ ಕತ್ತರಿಸಿ ಕೊಟ್ಟರೆ ಹೊಂದಿಸುವ ಕೆಲಸ ಮತ್ತೆ ನಿಮ್ಮ ತಲೆಗೆ ಬರುತ್ತದೆ. ಕೊನೆಯಲ್ಲಿ ರಿವರ್ಬ್ (ಸದ್ದಿಗೆ ಸೇರಿಸಿದ ಮರುದನಿ) ಪೂರ್ತಿ ಅಡಗುವವರೆಗೆ 4–5 ಸೆಕೆಂಡ್ ಬಿಡಬೇಕು. ಎರಡೂ ತುದಿಗೆ 10 ಮಿಲಿಸೆಕೆಂಡಿನ ಫೇಡ್ ಇರಲಿ, ಇಲ್ಲದಿದ್ದರೆ ಶುರುವಿನಲ್ಲಿ ಟಿಕ್ ಎನ್ನುತ್ತದೆ. ಪ್ರತಿ ದೃಶ್ಯದ ಮೊದಲ ಮಾತಿಗೆ 3 ಸೆಕೆಂಡ್ ಮುಂಚೆ 8ನೇ ಚಾನೆಲ್ಲಿನಲ್ಲಿ ಮೂರು, ಎರಡು, ಒಂದು ಎಂಬ ಎಣಿಕೆ ಹಾಕಿಸಿ. ಲೈಟಿನವರಿಗಷ್ಟೇ ಅಲ್ಲ, ಪಾತ್ರಧಾರಿಗೆ ಸನ್ನೆ ಮಾಡುವವರಿಗೂ ಅದು ಬೇಕು.

ಹೀಗೆ ಒಟ್ಟು 72 ಫೈಲ್ ಆಗುತ್ತವೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಕೆಲವು ಉಪಕರಣಗಳ ಪರದೆಯಲ್ಲಿ ಕನ್ನಡ ಚೌಕ ಚೌಕವಾಗಿ ಕಾಣುತ್ತದೆ. ಮೊದಲು ದೃಶ್ಯದ ಅಂಕಿ, ಆಮೇಲೆ ಚಾನೆಲ್ ಅಂಕಿ, ಆಮೇಲೆ ಹೆಸರು. ದೃಶ್ಯಕ್ಕೆ 1, 2, 3 ಎಂದು ಕೊಡದೆ 010, 020, 030 ಎಂದು ಕೊಟ್ಟರೆ ತಾಲೀಮಿನಲ್ಲಿ ನಡುವೆ ಹೊಸದೊಂದು ಸೇರಿದಾಗ 015 ಎನ್ನಬಹುದು.

ಇನ್ನೊಂದು ಫೈಲ್ ಕಡ್ಡಾಯವಾಗಿ ಮಾಡಿಸಿ: ಗುರುತಿನ ಫೈಲ್. 8 ಚಾನೆಲ್ಲಿನಲ್ಲೂ ಒಂದರ ನಂತರ ಒಂದು, 5 ಸೆಕೆಂಡಿಗೊಮ್ಮೆ, ಮನುಷ್ಯನ ದನಿಯಲ್ಲಿ "ಒಂದು, ಸಂಗೀತ ಎಡ", "ಎರಡು, ಸಂಗೀತ ಬಲ" ಎಂದು "ಎಂಟು, ಕ್ಯೂ"ವರೆಗೆ. ಒಟ್ಟು 40 ಸೆಕೆಂಡ್. ಮೈದಾನದಲ್ಲಿ ಸಿಸ್ಟಂ ನಿಂತ ಕೂಡಲೇ ಇದನ್ನು ಓಡಿಸಿ ಒಬ್ಬರು ಸುತ್ತ ನಡೆದು ಕೇಳಿದರೆ ತಂತಿ ಅದಲುಬದಲಾದದ್ದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಬೀಪ್ ಸದ್ದಿನಿಂದ ಇದು ಆಗುವುದಿಲ್ಲ, ಯಾವ ಬೀಪ್ ಯಾವುದು ಎಂದು ಮತ್ತೆ ಪಟ್ಟಿ ನೋಡಬೇಕು.

ಮಟ್ಟ ಎಷ್ಟಿರಬೇಕು

ಫೈಲ್ ಜೋರಾಗಿದ್ದಷ್ಟೂ ಮೈದಾನದಲ್ಲಿ ಚೆನ್ನಾಗಿ ಕೇಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಜೋರು ಮಾಡುವುದು ಆಂಪ್ಲಿಫೈಯರ್ ಕೆಲಸ. ನಿಮ್ಮ 1, 2, 3, 5, 6 ಐದೂ ಚಾನೆಲ್ ಕೊನೆಗೆ ಅದೇ ಮುಖ್ಯ ಸ್ಪೀಕರುಗಳಿಗೆ ಹೋಗಿ ಸೇರುತ್ತವೆ. ಐದನ್ನೂ ಸೊನ್ನೆ ಡಿಬಿಗೆ ತುಂಬಿಸಿ ಕೊಟ್ಟರೆ ಯುದ್ಧದ ದೃಶ್ಯದಲ್ಲಿ ಮಿಕ್ಸರಿನ ಒಳಗೇ ಒಡೆಯುತ್ತದೆ. ಯಾವ ಚಾನೆಲ್ಲಿನ ಪೀಕ್ ಕೂಡ ಮೈನಸ್ 6 ಡಿಬಿ ದಾಟದಿರಲಿ. ಒಂದೊಂದು ಫೈಲನ್ನೂ ಪ್ರತ್ಯೇಕವಾಗಿ ನಾರ್ಮಲೈಸ್ ಮಾಡುವುದು, ಅಂದರೆ ಎಲ್ಲದರ ಪೀಕನ್ನೂ ಒಂದೇ ಮಟ್ಟಕ್ಕೆ ಏರಿಸುವುದಂತೂ ಬೇಡವೇ ಬೇಡ. ಹಾಗೆ ಮಾಡಿದರೆ ದೂರದ ಕುದುರೆಯೂ ಹತ್ತಿರದ ಕುದುರೆಯೂ ಒಂದೇ ಮಟ್ಟಕ್ಕೆ ಬರುತ್ತವೆ, ಸ್ಟುಡಿಯೋದಲ್ಲಿ ಕೂತು ಮಾಡಿದ ಹದವೆಲ್ಲ ವ್ಯರ್ಥ.

ಸಂಭಾಷಣೆಯ ಮೇಲೆ ಮಾತ್ರ ಹೆಚ್ಚು ಹೊತ್ತು ಕಳೆಯಿರಿ. ನಾಟಕ ನಿಲ್ಲುವುದು ಅದರ ಮೇಲೆ. ಬೇರೆ ಬೇರೆ ದಿನ ಬಂದು ಮಾತಾಡಿ ಹೋದವರ ಮಟ್ಟ ಬೇರೆ ಬೇರೆ ಇರುತ್ತದೆ, ಮೊದಲು ಕೈಯಿಂದ ಒಂದೊಂದು ಸಾಲನ್ನು ಸರಿದೂಗಿಸಿ ಆಮೇಲೆ ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ತಗ್ಗಿಸುವ ಎಫೆಕ್ಟ್) ಹಾಕಬೇಕು. ಕೋಣೆಯಲ್ಲಿ ಚಂದ ಕೇಳಿದ ಪಿಸುಮಾತು ಸಾವಿರಾರು ಜನರ ಮೈದಾನದಲ್ಲಿ ಕೇಳುವುದೇ ಇಲ್ಲ. ಅತಿ ಮೆಲ್ಲಗಿನ ಮಾತಿಗೂ ಅತಿ ಜೋರಿನ ಗರ್ಜನೆಗೂ 8 ಡಿಬಿಗಿಂತ ಹೆಚ್ಚು ಅಂತರ ಬೇಡ. ಕಿವಿಗೆ ಕೇಳುವ ಜೋರಿನ ಅಳತೆಯಲ್ಲಿ ಸರಾಸರಿ ಮೈನಸ್ 20 ಎಲ್‌ಯುಎಫ್‌ಎಸ್ ಆಸುಪಾಸು ಇಟ್ಟುಕೊಳ್ಳಿ. 100 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ. ರಿವರ್ಬ್ ಬಹಳ ಕಡಿಮೆ ಇರಲಿ: ಎದುರಿಗೆ ಕಟ್ಟಡವೋ ಕೋಟೆ ಗೋಡೆಯೋ ಇದ್ದರೆ ಅದರಿಂದಲೇ ಮರುದನಿ ಬರುತ್ತದೆ, ಫೈಲಿನಲ್ಲಿ ಬೆಸೆದುಹೋದ ರಿವರ್ಬನ್ನು ಮೈದಾನದಲ್ಲಿ ತೆಗೆಯಲಾಗುವುದಿಲ್ಲ.

ಇದೇ ಕಾರಣಕ್ಕೆ ಮೈದಾನಕ್ಕೆ ಸಂಬಂಧಿಸಿದ ಯಾವ ಲೆಕ್ಕವನ್ನೂ ಫೈಲಿನೊಳಗೆ ಹಾಕಿಸಬೇಡಿ. ಡಿಲೇ ವಿಷಯವನ್ನೇ ತೆಗೆದುಕೊಳ್ಳಿ. ಹಿಂದಿನ ಜನರಿಗೂ ಸಂಭಾಷಣೆ ಕೇಳಲೆಂದು ಮುಖ್ಯ ಸ್ಪೀಕರಿನಿಂದ 30 ಮೀಟರ್ ದೂರದಲ್ಲಿ ಇನ್ನೊಂದು ಜೋಡಿ ನಿಲ್ಲಿಸಿದರೆ, 25 ಡಿಗ್ರಿಯ ರಾತ್ರಿಯಲ್ಲಿ ಸದ್ದು ಅಲ್ಲಿಗೆ ತಲುಪಲು ಸುಮಾರು 87 ಮಿಲಿಸೆಕೆಂಡ್ ಬೇಕು, ಆ ಜೋಡಿಗೆ ಅಷ್ಟು ಡಿಲೇ ಕೊಡಬೇಕು. ಮುಂದಿನ ಊರಿನಲ್ಲಿ ಜಾಗ 45 ಮೀಟರ್ ಆದರೆ ಅದು 130. ಫೈಲಿನಲ್ಲಿ ಬೆಸೆದಿದ್ದರೆ ಊರೂರಿಗೆ ಹೊಸ ಫೈಲ್ ಬೇಕಾಗುತ್ತದೆ. ಇದು ಪೂರ್ತಿ ಮಿಕ್ಸರ್ ಅಥವಾ ಸ್ಪೀಕರ್ ಪ್ರೊಸೆಸರಿನ ಕೆಲಸ.

ಯಾವುದರಿಂದ ಓಡಿಸಬೇಕು

ಮಾಮೂಲಿ ಮೀಡಿಯಾ ಪ್ಲೇಯರ್ ಬೇಡ. ಆಡಾಸಿಟಿಯೂ ಬೇಡ. ಅದು 8 ಚಾನೆಲ್ಲಿನ ಫೈಲ್ ಬರೆಯಬಲ್ಲದು, ಆದರೆ ಕೇಳಿಸುವುದು ಎರಡಕ್ಕೆ ಇಳಿಸಿಯೇ.

ಕ್ಯೂ ಸಾಫ್ಟ್‌ವೇರ್ ಬಳಸಿದರೆ ಒಂದು ಗುಂಡಿ ಒತ್ತಿದಾಗ ಒಂದು ದೃಶ್ಯ, ಮುಗಿದ ಮೇಲೆ ತಾನೇ ನಿಂತು ಮುಂದಿನ ಒತ್ತಿಗೆ ಕಾಯುತ್ತದೆ. ವಿಂಡೋಸ್‌ಗೆ ಶೋ ಕ್ಯೂ ಸಿಸ್ಟಂ ಇದೆ. ಕ್ಯೂಲ್ಯಾಬ್ ಮ್ಯಾಕ್‌ಗೆ ಮಾತ್ರ, ಅದರ ಲೈಸೆನ್ಸ್ ದಿನದ ಬಾಡಿಗೆಗೂ ಸಿಗುತ್ತದೆ. ನಾಟಕಕ್ಕೆ ಇದೇ ಉತ್ತಮ ದಾರಿ. ಅಪಾಯ ಒಂದೇ, ಹೊಸ ಸಾಫ್ಟ್‌ವೇರನ್ನು ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಕಲಿಯಲು ಹೊರಡುವುದು. ನಿಮಗೆ ರೀಪರ್ ಕೈಗೆ ಹತ್ತಿದ್ದರೆ ಈ ಸಲ ಅದರಲ್ಲೇ ಮಾಡಿ.

8 ಟ್ರ್ಯಾಕ್ ಹಾಕಿ. ಪ್ರತಿ ಟ್ರ್ಯಾಕಿನ ಮಾಸ್ಟರ್ ಸೆಂಡ್ ತೆಗೆದು, ಮೋನೋ ಹಾರ್ಡ್‌ವೇರ್ ಔಟ್ ಕೊಟ್ಟು, 1ನ್ನು 1ಕ್ಕೆ, 2ನ್ನು 2ಕ್ಕೆ ನೇರ ಜೋಡಿಸಿ. ಆಡಿಯೋ ಡಿವೈಸ್‌ನಲ್ಲಿ ಮಿಕ್ಸರಿನ ಆಸಿಯೋ ಡ್ರೈವರನ್ನೇ (ಲ್ಯಾಪ್‌ಟಾಪಿನಿಂದ ಎಲ್ಲ ಚಾನೆಲ್ಲನ್ನೂ ನೇರ ಮಿಕ್ಸರಿಗೆ ಕಳಿಸುವ ಡ್ರೈವರ್) ಆರಿಸಬೇಕು. ಎಕ್ಸ್‌ಆರ್18 ಯುಎಸ್‌ಬಿಯಿಂದ 18 ಚಾನೆಲ್ ಒಳಗೆ ತೆಗೆದುಕೊಳ್ಳುತ್ತದೆ, ಬೇರೆ ಸೌಂಡ್ ಕಾರ್ಡ್ ಬೇಡ. ಮಿಕ್ಸರಿನಲ್ಲಿ ಆ 8 ಚಾನೆಲ್ಲಿನ ಇನ್‌ಪುಟ್ಟನ್ನು ಯುಎಸ್‌ಬಿಗೆ ತಿರುಗಿಸಬೇಕು, ಮರೆತರೆ ಮೀಟರ್ ಅಲುಗುವುದೇ ಇಲ್ಲ. ಮಿಕ್ಸರ್, ಡ್ರೈವರ್, ಪ್ರಾಜೆಕ್ಟ್ ಮೂರೂ ಕಡೆ 48 ಎಂದಿದೆಯೇ ನೋಡಿ. ಬಫರ್, ಅಂದರೆ ಓಡಿಸುವ ಮೊದಲು ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ, 1,024 ಇಡಿ. 21 ಮಿಲಿಸೆಕೆಂಡ್ ತಡವಾದರೂ ಎಲ್ಲ ಚಾನೆಲ್ಲಿಗೂ ಒಂದೇ ಸಮ ತಡ, ಇಲ್ಲಿ ಹಾಡುವವರಿಲ್ಲ, ತೊಂದರೆ ಇಲ್ಲ. 128 ಇಟ್ಟು ಚಟಪಟ ಬರಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

9 ದೃಶ್ಯಗಳನ್ನು ಸಾಲಾಗಿ ಇಟ್ಟು ನಡುವೆ ಒಂದೊಂದು ನಿಮಿಷ ಖಾಲಿ ಬಿಡಿ, ನಿಲ್ಲಿಸಲು ಸಮಯ ಸಿಗುತ್ತದೆ. ಪ್ರತಿ ದೃಶ್ಯದ ಶುರುವಿಗೆ ಮಾರ್ಕರ್ ಹಾಕಿದರೆ ಕೀಬೋರ್ಡಿನ 1ರಿಂದ 9ರ ಕೀಲಿ ನೇರ ಅಲ್ಲಿಗೆ ಒಯ್ಯುತ್ತದೆ. 10ನೇ ಮಾರ್ಕರಿಗೆ 0 ಕೀಲಿ. ಅಲ್ಲಿ 3 ನಿಮಿಷದ ನಗಾರಿಯನ್ನೋ ಗಾಳಿ ಸದ್ದನ್ನೋ ಇಡಿ, ಕುದುರೆ ತಡವಾದಾಗ ಮೈದಾನ ಮೌನವಾಗುವುದಿಲ್ಲ. ಎಚ್ಚರ: ಓಡುತ್ತಿರುವಾಗ ಅಂಕಿ ತಾಗಿದರೆ ಅಲ್ಲಿಗೇ ಹಾರುತ್ತದೆ, ಸಂಗೀತದ ನಡುವೆ ಕೈ ದೂರ ಇರಲಿ. ಒಂದು ದೃಶ್ಯದ 8 ತುಣುಕುಗಳನ್ನು ಗ್ರೂಪ್ ಮಾಡಿ, ಎಲ್ಲವನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಮೌಸ್ ತಾಗಿ ಒಂದು ತುಣುಕು ಸರಿದದ್ದು ಪ್ರದರ್ಶನದಲ್ಲೇ ಗೊತ್ತಾಗುತ್ತದೆ. ಪ್ರಾಜೆಕ್ಟ್, ಫೈಲ್ ಎಲ್ಲ ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಯಲ್ಲಿರಲಿ. ಪೆನ್‌ಡ್ರೈವಿನ ವೇಗ ಸಾಕಾಗುತ್ತದೆ, ಆದರೆ ಕಾಲು ತಾಗಿ ಅದು ಅಲುಗಿದರೆ ಆಟ ಅಲ್ಲೇ ನಿಲ್ಲುತ್ತದೆ.

ವೈಫೈ, ನೋಟಿಫಿಕೇಶನ್, ಅಪ್‌ಡೇಟ್ ಬಂದ್ ಮಾಡಿ. ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ವಿಂಡೋಸಿನ ಸಿಸ್ಟಂ ಸದ್ದು ಲ್ಯಾಪ್‌ಟಾಪ್ ಸ್ಪೀಕರಿಗೇ ಹೋಗಲಿ, ಮಿಕ್ಸರಿಗೆ ಬೇಡ.

ಕರೆಂಟ್ ಮತ್ತು ಕುದುರೆ

ಕರೆಂಟ್ ಹೋಗಿ ಜನರೇಟರ್ ಎತ್ತಿಕೊಳ್ಳುವ ನಾಲ್ಕು ಸೆಕೆಂಡಿನಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಉಳಿಯುತ್ತದೆ, ಮಿಕ್ಸರ್ ಉಳಿಯುವುದಿಲ್ಲ. ಮಿಕ್ಸರ್ ಮತ್ತೆ ಎದ್ದ ಮೇಲೂ ರೀಪರ್ ತನ್ನ ಡಿವೈಸ್ ಕಳೆದುಕೊಂಡಿರುತ್ತದೆ. ಮಿಕ್ಸರ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೇ ಒಂದು 600 ವಿಎ ಯುಪಿಎಸ್ ಇಡಿ, ಆಂಪ್ಲಿಫೈಯರ್‌ಗಳನ್ನು ಅದಕ್ಕೆ ಹಚ್ಚಬೇಡಿ. ಚಾರ್ಜರ್ ಹಚ್ಚಿದ ಕೂಡಲೇ ಗುಂಯ್ ಎಂದರೆ ಮಿಕ್ಸರಿಗೂ ಲ್ಯಾಪ್‌ಟಾಪಿಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟು ನೋಡಿ. ಆದರೂ ಹೋಗದಿದ್ದರೆ ಆ ದೃಶ್ಯಗಳನ್ನು ಬ್ಯಾಟರಿಯ ಮೇಲೆ ಓಡಿಸಿ. ಅರ್ತಿಂಗ್ ಪಿನ್ ಕತ್ತರಿಸುವ ಕೆಲಸವನ್ನು ದಯವಿಟ್ಟು ಯಾರಿಗೂ ಮಾಡಗೊಡಬೇಡಿ, ಒದ್ದೆ ಮೈದಾನದಲ್ಲಿ ಅದು ಜೀವ ತೆಗೆಯುತ್ತದೆ.

ತೋಪಿನ ಸದ್ದನ್ನು ಕುದುರೆಗಳಿಗೆ ಪ್ರದರ್ಶನದ ದಿನವೇ ಮೊದಲ ಬಾರಿ ಕೇಳಿಸಬೇಡಿ. ತಾಲೀಮಿನಲ್ಲಿ ದೂರದಿಂದ, ಸಣ್ಣ ಮಟ್ಟದಿಂದ ಶುರು ಮಾಡಿ ದಿನದಿನಕ್ಕೆ ಏರಿಸಿ, ಸವಾರರು ಸಾಕು ಎಂದಲ್ಲಿಗೆ ನಿಲ್ಲಿಸಿ. 4 ಮತ್ತು 7 ಬೇರೆ ಬೇರೆ ಚಾನೆಲ್ ಆಗಿರುವುದರಿಂದ ಗುಡುಗನ್ನು ಮಾತ್ರ ಇಳಿಸಲು ಸಾಧ್ಯ.

ಎಲ್ಲ ಕೈಕೊಟ್ಟರೆ

ಒಂದು ಮೊಬೈಲಿನಲ್ಲಿ 9 ದೃಶ್ಯಗಳ 2 ಚಾನೆಲ್ ಆವೃತ್ತಿ ಇಟ್ಟುಕೊಳ್ಳಿ. ಎಡದಲ್ಲಿ ಸಂಗೀತ, ಸಂಭಾಷಣೆ, ಸಪ್ಪಳ ಎಲ್ಲ ಸೇರಿಸಿದ ಮೋನೋ, ಬಲದಲ್ಲಿ ಕ್ಯೂ ದನಿ. ಎಡ-ಬಲ ಸಂಗೀತವನ್ನು ಮೋನೋಗೆ ಸೇರಿಸಿದ ಮೇಲೆ ಒಮ್ಮೆ ಪೂರ್ತಿ ಕೇಳಿ. ಸ್ಟುಡಿಯೋದಲ್ಲಿ ಅಗಲ ಮಾಡಲು ಹಾಕಿದ ಎಫೆಕ್ಟ್‌ಗಳಿಂದ ಕೆಲವು ವಾದ್ಯಗಳು ಮೋನೋದಲ್ಲಿ ಕರಗಿಹೋಗುತ್ತವೆ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ.

ಇದಕ್ಕೆ ಕೇಬಲ್ ಸರಿಯಾದದ್ದೇ ಬೇಕು: ಒಂದು ಕಡೆ 3.5 ಮಿ.ಮೀ. ಸ್ಟೀರಿಯೋ ಜ್ಯಾಕ್, ಇನ್ನೊಂದು ಕಡೆ ಎರಡು ಬಿಡಿ ಮೋನೋ ಜ್ಯಾಕ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಎರಡೂ ತುದಿಗೆ ಒಂದೊಂದೇ ಸ್ಟೀರಿಯೋ ಜ್ಯಾಕ್ ಇರುವ ಕೇಬಲನ್ನು ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಹಾಕಿದರೆ, ಮಿಕ್ಸರ್ ಎಡದಿಂದ ಬಲವನ್ನು ಕಳೆದು ಉಳಿದದ್ದನ್ನು ಕೊಡುತ್ತದೆ. ಮಾಮೂಲಿ ಹಾಡಿನಲ್ಲಿ ನಡುವಿನ ಗಾಯಕರ ದನಿ ಮಾಯವಾಗುವುದು ಹೀಗೆಯೇ. ನಿಮ್ಮ ಈ ಫೈಲಿನಲ್ಲಾದರೆ "ಲೈಟ್ 14, ರೆಡಿ" ಎನ್ನುವ ಕ್ಯೂ ದನಿ ಸಂಭಾಷಣೆಯ ಜೊತೆ ಇಡೀ ಮೈದಾನಕ್ಕೆ ಕೇಳುತ್ತದೆ. ಆ ಕೇಬಲನ್ನು ಈಗಲೇ ತಂದು, ಗುರುತಿನ ಚೀಟಿ ಕಟ್ಟಿ, ಮಿಕ್ಸರಿನ ಯುಎಸ್‌ಬಿಗೆ ಕೊಡದ ಎರಡು ಚಾನೆಲ್ಲಿಗೆ, ಉದಾಹರಣೆಗೆ 11 ಮತ್ತು 12ಕ್ಕೆ, ಮೊದಲೇ ಚುಚ್ಚಿಡಿ. ಆ ಎರಡರ ಫೇಡರ್ ಕೆಳಗಿರಲಿ, ಮ್ಯೂಟ್ ಬೇಡ.